ಎಷ್ಟು ಮಕ್ಕಳು ಅಕ್ಕಾ?



ಈ ಸಲದ ಪಾಠ ಸ್ವಲ್ಪ ದೊಡ್ಡದು. ಒಂದೇ ದಿನ ಓದಿ ಮುಗಿಸಬೇಕಿಲ್ಲ. ದಿನಕ್ಕೆ ಎರಡು ಭಾಗ ಓದಿದರೆ ಸಾಕು. ಓದಲು ಕಷ್ಟವಾದ ಪದದ ಕೆಳಗೆ ಗೆರೆ ಎಳೆಯಿರಿ. ಕೆಲವು ಪದಗಳ ಅರ್ಥ ಕೊನೆಯಲ್ಲಿದೆ. ಮನೆಯಲ್ಲಿ ಗಟ್ಟಿಯಾಗಿ ಓದಿ. ಅತ್ತೆ, ಮಾವ, ಗಂಡ, ಮಕ್ಕಳು ಎಲ್ಲರೂ ಕೇಳಲಿ. ಇದು ಎಲ್ಲರೂ ಕೇಳಬೇಕಾದ ಪಾಠ.

1. ಎರಡಲ್ಲ, ಮೂರು

ಕಲಿಕಾ ಕೇಂದ್ರ ಶುರು ಮಾಡುವ ಮೊದಲು ನಾವು ಮನೆ ಮನೆಗೆ ಹೋಗುತ್ತೇವೆ. ಓದು ಬಾರದವರು ಎಷ್ಟು ಮಂದಿ ಎಂದು ಬರೆದುಕೊಳ್ಳುತ್ತೇವೆ. ಇದಕ್ಕೆ ಸರ್ವೆ ಎನ್ನುತ್ತಾರೆ. ನಿಮ್ಮ ಮನೆಗೂ ಬಂದಿದ್ದೆವು. ನಿಮಗೆ ನೆನಪಿರಬಹುದು.

ಕೆಲವು ವರ್ಷಗಳ ಹಿಂದೆ ಸಿ. ಬೆಳಗಲ್ ಮಂಡಲದ ಒಂದು ಹಳ್ಳಿಗೆ ನಾನು ಸರ್ವೆಗೆ ಹೋಗಿದ್ದೆ. ಒಂದು ಮನೆಯ ಮುಂದೆ ಒಬ್ಬ ಅಕ್ಕ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೂತಿದ್ದಳು. ನಾನು ಕೇಳಿದೆ:

"ಎಷ್ಟು ಮಕ್ಕಳು ಅಕ್ಕಾ?"

"ಇಬ್ರು ಅದಾರ ಮೇಡಂ. ಇಬ್ರೂ ಗಂಡುಮಕ್ಳು."

ನಾನು 2 ಎಂದು ಬರೆದೆ. ಮುಂದಿನ ಮನೆಗೆ ಹೋದೆ. ಅಲ್ಲಿ ಒಬ್ಬ ಅಜ್ಜಿ ಇದ್ದಳು. ಆಕೆ ಮೆಲ್ಲಗೆ ಕೇಳಿದಳು.

"ಆ ಮನ್ಯಾಗ ಎಷ್ಟು ಬರ್ಕೊಂಡಿ?"

"ಎರಡು ಅಜ್ಜಿ."

"ಎರಡಲ್ಲ ತಾಯಿ, ಮೂರು. ಒಂದು ಹೆಣ್ಣುಕೂಸು ಐತಿ. ಅದಕ್ಕ ಕಿವಿ ಕೇಳಂಗಿಲ್ಲ, ಮಾತು ಬರಂಗಿಲ್ಲ. ಯಾರಾದ್ರೂ ಬಂದ್ರ ಒಳಗ ಕೂಡಸ್ತಾರ."

ನಾನು ಹಿಂದಕ್ಕೆ ಬಂದೆ. ಬಾಗಿಲ ಹಿಂದೆ ಏಳು ವರ್ಷದ ಹುಡುಗಿ ನಿಂತಿದ್ದಳು. ಸಂದಿಯಿಂದ ನನ್ನ ಪೆನ್ನನ್ನೇ ನೋಡುತ್ತಿದ್ದಳು. ಮೊದಲು ಬಂದಾಗಲೂ ಅಲ್ಲೇ ನಿಂತಿದ್ದಳೋ ಏನೋ. ನಾನೇ ನೋಡಿರಲಿಲ್ಲ.

ಆ ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಸುಳ್ಳು ಹೇಳ್ಬೇಕಂತ ಹೇಳ್ಲಿಲ್ಲ ಮೇಡಂ. ಸಾಲಿ ಲೆಕ್ಕದಾಗೂ ಇಲ್ಲ, ಕೆಲಸದ ಲೆಕ್ಕದಾಗೂ ಇಲ್ಲ. ಲೆಕ್ಕಕ್ಕ ಬರಂಗಿಲ್ಲ ಅಂತ ಬಿಟ್ಟೆ."

ನಾನು 2 ಹೊಡೆದು ಹಾಕಿ 3 ಎಂದು ಬರೆದೆ. ಅಷ್ಟು ಬರೆಯಲು ಒಂದು ನಿಮಿಷವೂ ಬೇಕಾಗಲಿಲ್ಲ. ಆದರೆ ಆ ಹುಡುಗಿ ಏಳು ವರ್ಷ ಯಾವ ಲೆಕ್ಕದಲ್ಲೂ ಇರಲಿಲ್ಲ.

ಇಂಥ ಮಕ್ಕಳಿಗೆ ನೆರವಾಗುವ ಸಂಸ್ಥೆಗಳಿವೆ. ಸರ್ಕಾರದ ಯೋಜನೆಗಳಿವೆ. ಕಾನೂನೂ ಇದೆ. ಆದರೆ ಲೆಕ್ಕಕ್ಕೆ ಬಾರದ ಮಗುವಿಗೆ ಇವು ಯಾವುವೂ ಸಿಗುವುದಿಲ್ಲ. ಈ ಪಾಠದ ತಿರುಳು ಇಷ್ಟೇ.

2. ಅನಂತಪುರಕ್ಕೆ ಬಂದ ದಂಪತಿ

ನಮ್ಮ ಪಕ್ಕದ ಜಿಲ್ಲೆ ಅನಂತಪುರ. ಆದವಾನಿಯಲ್ಲಿ ರೈಲು ಹತ್ತಿ ಗುಂತಕಲ್ಲಿನಲ್ಲಿ ಬದಲಾಯಿಸಿದರೆ ಅಲ್ಲಿಗೆ ಹೋಗಬಹುದು. ದೇಶದಲ್ಲೇ ಬಹಳ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಅದೂ ಒಂದು. ಅಲ್ಲಿನ ರಾಯದುರ್ಗ ಕಡೆ ನಮ್ಮ ಹಾಗೆ ಕನ್ನಡ ಮಾತನಾಡುವ ಜನ ಬಹಳ ಇದ್ದಾರೆ.

ಆ ಊರಿನಲ್ಲಿ ಒಂದು ಸಂಸ್ಥೆ ಇದೆ. ಅದರ ಹೆಸರು ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್. ಜನ ಅದನ್ನು ಆರ್‌ಡಿಟಿ ಎಂದು ಕರೆಯುತ್ತಾರೆ. ಅದನ್ನು ಕಟ್ಟಿದವರು ವಿನ್ಸೆಂಟ್ ಫೆರರ್ ಮತ್ತು ಅವರ ಹೆಂಡತಿ ಆನ್ ಫೆರರ್.

ವಿನ್ಸೆಂಟ್ ಫೆರರ್ 1920ರಲ್ಲಿ ಸ್ಪೇನ್ ದೇಶದ ಬಾರ್ಸಿಲೋನಾ ನಗರದಲ್ಲಿ ಹುಟ್ಟಿದರು. ಕ್ರೈಸ್ತ ಗುರುಗಳಾಗಲು 1952ರಲ್ಲಿ ಮುಂಬಯಿಗೆ ಬಂದರು. ಮಹಾರಾಷ್ಟ್ರದ ಮನ್ಮಾಡ್ ಎಂಬ ಊರಿನಲ್ಲಿ ಬಡ ರೈತರ ಜೊತೆ ಕೆಲಸ ಮಾಡಿದರು. ಬಾವಿ ತೋಡಿಸಿದರು. ಕೆಲವರಿಗೆ ಇದು ಸರಿಬರಲಿಲ್ಲ. 1968ರಲ್ಲಿ ಅವರು ದೇಶ ಬಿಟ್ಟು ಹೋಗಬೇಕಾಯಿತು. ರೈತರು ಸಾವಿರ ಸಾವಿರ ಸಂಖ್ಯೆಯಲ್ಲಿ ಬೀದಿಗೆ ಬಂದು, ಅವರನ್ನು ಕಳಿಸಬೇಡಿ ಎಂದರು. ಆಗ ಇಂದಿರಾ ಗಾಂಧಿ ಪ್ರಧಾನ ಮಂತ್ರಿ. ಮತ್ತೆ ಬರಲು ಅವರು ಅನುಮತಿ ಕೊಟ್ಟರು.

1969ರಲ್ಲಿ ಫೆರರ್ ಅನಂತಪುರಕ್ಕೆ ಬಂದರು. ಆನ್ ಎಂಬಾಕೆ ಇಂಗ್ಲೆಂಡಿನವರು, ಪತ್ರಿಕೆಗೆ ಬರೆಯುತ್ತಿದ್ದವರು. ಇವರ ಕೆಲಸ ನೋಡಿ ಜೊತೆಗೆ ಬಂದರು. 1970ರಲ್ಲಿ ಇಬ್ಬರೂ ಮದುವೆಯಾದರು.

ಮೊದಲು ಬಾವಿ ತೋಡಿಸಿದರು, ಗಿಡ ನೆಡಿಸಿದರು. ದಲಿತರ ಕೇರಿಗಳಲ್ಲಿ ಮಕ್ಕಳಿಗೆ ಪಾಠ ಹೇಳುವ ಏರ್ಪಾಡು ಮಾಡಿದರು. ಮನೆ ಕಟ್ಟಿಸಿ ಹೆಂಗಸರ ಹೆಸರಿಗೆ ಬರೆಸಿದರು. ಬತ್ತಲಪಲ್ಲಿ, ಕಲ್ಯಾಣದುರ್ಗ, ಕಣೇಕಲ್ಲುಗಳಲ್ಲಿ ಆಸ್ಪತ್ರೆ ಕಟ್ಟಿಸಿದರು. ಕೆಲಸ ಮುಂದೆ ಶ್ರೀಶೈಲದ ಕಾಡಿನ ಚೆಂಚು ಜನರವರೆಗೂ ಹಬ್ಬಿತು.

ದುಡ್ಡು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಸ್ಪೇನಿನಲ್ಲಿ ಸಾವಿರಾರು ಸಾಧಾರಣ ಕುಟುಂಬಗಳು ತಿಂಗಳಿಗೆ ಇಷ್ಟು ಎಂದು ಎತ್ತಿಟ್ಟು ಕೊಟ್ಟವು. ಒಂದು ಕುಟುಂಬಕ್ಕೆ ಒಂದು ಮಗು. ಆ ಮಗುವಿನಿಂದ ಅವರಿಗೆ ಕಾಗದ ಹೋಗುತ್ತಿತ್ತು. ನಾವು ದೇವರ ಹುಂಡಿಗೆ ನಾಲ್ಕಾಣೆ ಹಾಕುತ್ತಿದ್ದ ಹಾಗೆ, ಸಣ್ಣ ಸಣ್ಣ ದುಡ್ಡು ಕೂಡಿ ದೊಡ್ಡ ಕೆಲಸ ಆಯಿತು.

ವಿನ್ಸೆಂಟ್ ಫೆರರ್ 2009ರ ಜೂನ್ 19ರಂದು ಅನಂತಪುರದಲ್ಲಿ ತೀರಿಕೊಂಡರು. ಬತ್ತಲಪಲ್ಲಿಯಲ್ಲಿ ಅವರ ಸಮಾಧಿ ಇದೆ.

3. ಮಗುವಿನಿಂದ ಊರಿನವರೆಗೆ

ಊರಿನ ಕೆಲಸ ಮಾಡುತ್ತಾ ಹೋದ ಹಾಗೆ ಸಂಸ್ಥೆಯವರಿಗೆ ಒಂದು ವಿಷಯ ಕಂಡಿತು. ಎಲ್ಲರಿಗಿಂತ ಹಿಂದೆ ಉಳಿದವರು ಅಂಗವಿಕಲರು. ಅವರಲ್ಲೂ ಹಿಂದೆ ಉಳಿದವರು ಹೆಣ್ಣುಮಕ್ಕಳು. ಆದ್ದರಿಂದ ಅವರಿಗಾಗಿ ಬೇರೆ ವಿಭಾಗ ತೆರೆದರು. ಅಲ್ಲಿ ನಡೆದ ಕೆಲಸಗಳಲ್ಲಿ ಮುಖ್ಯವಾದವು ಇವು:

ಕಿವಿ ಕೇಳದ ಮಕ್ಕಳಿಗೆ, ಕಣ್ಣು ಕಾಣದ ಮಕ್ಕಳಿಗೆ, ಬುದ್ಧಿ ನಿಧಾನವಾಗಿ ಬೆಳೆಯುವ ಮಕ್ಕಳಿಗೆ ಬೇರೆ ಬೇರೆ ಶಾಲೆ ತೆರೆದರು. ಅಲ್ಲೇ ಇದ್ದು ಓದಲು ವಸತಿ ಮಾಡಿದರು.

ಕೈಕಾಲು ಸೊಟ್ಟ ಇರುವವರಿಗೆ ಆಪರೇಷನ್ ಮಾಡಿಸಿದರು. ಕೃತಕ ಕಾಲು, ಕ್ಯಾಲಿಪರ್, ಊರುಗೋಲು ಕೊಟ್ಟರು. ನರ ಗಟ್ಟಿಯಾದ ಮಕ್ಕಳಿಗೆ ದಿನವೂ ವ್ಯಾಯಾಮ ಮಾಡಿಸಿದರು. ಮನೆಯಲ್ಲಿ ಹೇಗೆ ಮಾಡಿಸಬೇಕು ಎಂದು ತಾಯಂದಿರಿಗೂ ಕಲಿಸಿದರು.

ಬೆಳೆದ ಹೆಣ್ಣುಮಕ್ಕಳಿಗೆ ಹೊಲಿಗೆ, ಕಸೂತಿ, ಕೈಕೆಲಸ ಕಲಿಸಿದರು. ಮಾಡಿದ ವಸ್ತು ಮಾರಾಟವಾದವು. ಮನೆಯವರ ಮುಂದೆ ಕೈ ಚಾಚುತ್ತಿದ್ದವರು ಮನೆಗೆ ದುಡ್ಡು ಕಳಿಸುವಂತಾದರು.

ಹಳ್ಳಿಗಳಲ್ಲಿ ಅಂಗವಿಕಲರ ಸಂಘ ಕಟ್ಟಿದರು. ನಮ್ಮ ಸ್ವಸಹಾಯ ಸಂಘದ ಹಾಗೇ ಇದು. ತಿಂಗಳಿಗೊಮ್ಮೆ ಕೂಡುವುದು, ಕಷ್ಟ ಮಾತಾಡುವುದು, ಆಫೀಸಿಗೆ ಕೂಡಿ ಹೋಗುವುದು.

ಈ ಕೊನೆಯ ಕೆಲಸವನ್ನು ಗಮನಿಸಿ. ಒಬ್ಬ ಕುಂಟುತ್ತಾ ಹೋಗಿ ಆಫೀಸಿನಲ್ಲಿ ಕೇಳಿದರೆ "ನಾಳೆ ಬಾ" ಎನ್ನಬಹುದು. ಇಪ್ಪತ್ತು ಜನ ಸಂಘದ ಹೆಸರಿನಲ್ಲಿ ಹೋದರೆ ಹಾಗೆ ಹೇಳುವುದು ಸುಲಭ ಅಲ್ಲ. ಕ್ಯಾಲಿಪರ್ ಒಂದು ಕಾಲಿಗೆ ಬಲ ಕೊಡುತ್ತದೆ, ಸಂಘ ಎಲ್ಲರಿಗೂ ಬಲ ಕೊಡುತ್ತದೆ.

ಇನ್ನೊಂದು ಮಾತು. ಇಲ್ಲಿ ಕೆಲಸ ಮಾಡಿದವರು ಹೆಚ್ಚಾಗಿ ವಿದೇಶದವರಲ್ಲ. ಅದೇ ಹಳ್ಳಿಗಳ ಜನ. ಸೈಕಲ್ಲಿನಲ್ಲೋ ಬಸ್ಸಿನಲ್ಲೋ ಕೇರಿ ಕೇರಿಗೆ ಹೋಗಿ ಮಕ್ಕಳನ್ನು ಹುಡುಕಿದವರು ಅವರೇ.

4. ಗದಗಿನ ಆಶ್ರಮ

ಇಂಥ ಕೆಲಸ ಹೊರದೇಶದವರೇ ಬಂದು ಮಾಡಬೇಕೆ? ಇಲ್ಲ. ನಮ್ಮ ಕನ್ನಡ ನಾಡಿನಲ್ಲಿ ಇದಕ್ಕಿಂತ ಮೊದಲೇ ನಡೆದಿದೆ.

ಗುಂತಕಲ್ಲಿನಿಂದ ಬಳ್ಳಾರಿ, ಹೊಸಪೇಟೆ, ಕೊಪ್ಪಳ ದಾಟಿದರೆ ಗದಗ ಸಿಗುತ್ತದೆ. ಅಲ್ಲಿ ವೀರೇಶ್ವರ ಪುಣ್ಯಾಶ್ರಮ ಇದೆ. ಈ ಹೆಸರನ್ನು ನಿಮ್ಮಲ್ಲಿ ಬಹಳ ಮಂದಿ ಕೇಳಿರುತ್ತೀರಿ.

ಹಾನಗಲ್ಲ ಸೀಮೆಯ ಒಂದು ಬಡ ಮನೆಯಲ್ಲಿ 1892ರಲ್ಲಿ ಒಂದು ಗಂಡುಮಗು ಹುಟ್ಟಿತು. ಆ ಮಗುವಿಗೂ ಅದರ ಅಣ್ಣನಿಗೂ ಕಣ್ಣು ಕಾಣುತ್ತಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಇಬ್ಬರನ್ನೂ ಕರೆದುಕೊಂಡು ಹೋಗಿ ಸಂಗೀತ ಕಲಿಸಿದರು. ಆ ಮಗುವೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಅವರು ತಾವು ಕಲಿತು ಸುಮ್ಮನಾಗಲಿಲ್ಲ. ಕಣ್ಣಿಲ್ಲದ ಮಕ್ಕಳನ್ನು, ಅನಾಥ ಮಕ್ಕಳನ್ನು ಸೇರಿಸಿಕೊಂಡು ಊರಿಂದ ಊರಿಗೆ ಹೋಗುತ್ತಾ ಸಂಗೀತ ಕಲಿಸಿದರು. ಕೊನೆಗೆ ಗದಗಿನಲ್ಲಿ ನೆಲೆ ನಿಂತರು. 1944ರಲ್ಲಿ ತೀರಿಕೊಂಡರು.

ಅವರ ಶಿಷ್ಯ ಪುಟ್ಟರಾಜ ಗವಾಯಿಗಳು. ಹುಟ್ಟಿದ್ದು 1914ರಲ್ಲಿ. ಕೂಸಾಗಿದ್ದಾಗಲೇ ಕಣ್ಣು ಹೋಯಿತು. ಗುರುಗಳ ನಂತರ ಆಶ್ರಮದ ಭಾರ ಇವರ ಮೇಲೆ ಬಿತ್ತು. ಮಕ್ಕಳಿಗೆ ದಿನವೂ ಅನ್ನ ಹಾಕಬೇಕು. ದುಡ್ಡು ಎಲ್ಲಿಂದ ತರುವುದು? ಅವರು ನಾಟಕ ಕಂಪನಿ ನಡೆಸಿದರು. ಭಕ್ತರು ಅವರಿಗೆ ತುಲಾಭಾರ ಮಾಡಿದರು. ತಕ್ಕಡಿಯ ಒಂದು ಕಡೆ ಗವಾಯಿಗಳು, ಇನ್ನೊಂದು ಕಡೆ ನಾಣ್ಯ. ಆ ನಾಣ್ಯವೆಲ್ಲ ಮಕ್ಕಳ ಊಟಕ್ಕೆ ಹೋಯಿತು.

ಪುಟ್ಟರಾಜರು ಹಾಡಿದರು, ಹಲವು ವಾದ್ಯ ನುಡಿಸಿದರು, ಕನ್ನಡ, ಹಿಂದಿ, ಸಂಸ್ಕೃತದಲ್ಲಿ ಗ್ರಂಥ ರಚಿಸಿದರು. 2010ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ಕೊಟ್ಟಿತು. ಅದೇ ವರ್ಷ ಸೆಪ್ಟೆಂಬರ್ 17ರಂದು, 96ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಆಶ್ರಮದಲ್ಲಿ ಕಣ್ಣಿರುವ ಬಡ ಮಕ್ಕಳೂ ಕಲಿತರು. ಬಳ್ಳಾರಿ ಸೀಮೆಯ ಲಕ್ಷ್ಮೀಪುರದ ವೆಂಕಟೇಶ ಕುಮಾರರು ಅಲ್ಲೇ ಕಲಿತು ದೊಡ್ಡ ಗಾಯಕರಾದರು. ಕಣ್ಣಿಲ್ಲದ ಗುರು ಕಣ್ಣಿರುವ ಶಿಷ್ಯನಿಗೆ ದಾರಿ ತೋರಿಸಿದರು.

ಈಗ ಯೋಚಿಸಿ. ಹಾನಗಲ್ಲ ಸೀಮೆಯ ಆ ತಂದೆ ತಾಯಿ "ಕಣ್ಣಿಲ್ಲದ ಕೂಸು, ಲೆಕ್ಕಕ್ಕೆ ಬರಲ್ಲ" ಎಂದು ಮನೆಯೊಳಗೇ ಇಟ್ಟಿದ್ದರೆ?

5. ಬೆರಳಿನಿಂದ ಓದುವ ಅಕ್ಷರ

ನೀವು ಮೊದಲ ಸಲ ನಿಮ್ಮ ಹೆಸರು ಬರೆದ ದಿನ ನೆನಪಿದೆಯೇ? ಹೆಬ್ಬೆಟ್ಟು ಬಿಟ್ಟು ಸಹಿ ಮಾಡಿದ ದಿನ? ಕಣ್ಣು ಕಾಣದ ಮಕ್ಕಳಿಗೂ ಅಂಥ ದಿನ ಬರುತ್ತದೆ. ಅವರು ಅಕ್ಷರವನ್ನು ಬೆರಳಿನಿಂದ ಮುಟ್ಟಿ ಓದುತ್ತಾರೆ. ಇದಕ್ಕೆ ಬ್ರೈಲ್ ಲಿಪಿ ಎನ್ನುತ್ತಾರೆ.

ಲೂಯಿ ಬ್ರೈಲ್ 1809ರಲ್ಲಿ ಫ್ರಾನ್ಸ್ ದೇಶದಲ್ಲಿ ಹುಟ್ಟಿದ. ಅಪ್ಪ ಕುದುರೆಗೆ ಚರ್ಮದ ಜೀನು ಹೊಲಿಯುವವನು. ಮೂರು ವರ್ಷದ ಹುಡುಗ ಆಟವಾಡುತ್ತಾ ಚರ್ಮಕ್ಕೆ ತೂತು ಹಾಕುವ ಮೊನಚಾದ ಸಾಮಾನು ಹಿಡಿದ. ಅದು ಕಣ್ಣಿಗೆ ಚುಚ್ಚಿತು. ಕೀವಾಗಿ ಎರಡೂ ಕಣ್ಣು ಹೋದವು. ಅಪ್ಪ ಅಮ್ಮ ಅವನನ್ನು ಶಾಲೆಗೆ ಕಳಿಸಿದರು. ಹದಿನೈದು ವರ್ಷದವನಿದ್ದಾಗ ಅವನು ಆರು ಉಬ್ಬು ಚುಕ್ಕೆಗಳ ಲಿಪಿ ಮಾಡಿದ. 1829ರಲ್ಲಿ ಅದರ ಪುಸ್ತಕ ಅಚ್ಚಾಯಿತು.

ಎಡಗಡೆ ಮೂರು ಚುಕ್ಕೆ, ಬಲಗಡೆ ಮೂರು ಚುಕ್ಕೆ. ಇಷ್ಟರಲ್ಲೇ ಎಲ್ಲ ಅಕ್ಷರ. ಎಡಗಡೆ ಮೇಲಿನ ಚುಕ್ಕೆ ಮಾತ್ರ ಉಬ್ಬಿದ್ದರೆ ಅದು ಅ. ಎಡಗಡೆ ಮೇಲಿನದು ಮತ್ತು ಕೆಳಗಿನದು ಉಬ್ಬಿದ್ದರೆ ಅದು ಕ.

ಇದರಲ್ಲಿ ಒಂದು ಸೊಗಸಿದೆ. ನಾವು ಗಡಿಯ ಜನ. ಬಸ್ಸಿನ ಬೋರ್ಡು ತೆಲುಗಿನಲ್ಲಿ, ನಮ್ಮ ಪುಸ್ತಕ ಕನ್ನಡದಲ್ಲಿ. ಎರಡು ಲಿಪಿ ಕಲಿಯಲು ನಮಗೆ ಕಷ್ಟ. ಆದರೆ ಭಾರತದ ಬ್ರೈಲ್‌ನಲ್ಲಿ ಕನ್ನಡದ ಕ, ತೆಲುಗಿನ ಕ, ಹಿಂದಿಯ ಕ ಎಲ್ಲಕ್ಕೂ ಅವೇ ಚುಕ್ಕೆ. ಕಣ್ಣಿಗೆ ಬೇರೆ ಬೇರೆ, ಬೆರಳಿಗೆ ಒಂದೇ.

6. ಇದು ಭಿಕ್ಷೆ ಅಲ್ಲ, ಹಕ್ಕು

ಸಂಸ್ಥೆಗಳು ಪ್ರೀತಿಯಿಂದ ಕೊಡುತ್ತವೆ. ಆದರೆ ಸಂಸ್ಥೆ ಎಲ್ಲ ಊರಿಗೂ ಬರಲಾರದು. ಬಂದ ಸಂಸ್ಥೆಗೂ ಒಂದು ದಿನ ದುಡ್ಡಿನ ಕಷ್ಟ ಬರಬಹುದು. ಕಾನೂನು ಮಾತ್ರ ಎಲ್ಲ ಊರಿಗೂ ಒಂದೇ.

ನಮ್ಮ ದೇಶದಲ್ಲಿ 1995ರಲ್ಲಿ ಅಂಗವಿಕಲರ ಕಾನೂನು ಬಂತು. ಅದರಲ್ಲಿ 7 ಬಗೆಯ ವಿಕಲತೆ ಇತ್ತು. 2016ರಲ್ಲಿ ಹೊಸ ಕಾನೂನು ಬಂತು. ಅದರಲ್ಲಿ 21 ಬಗೆ ಇವೆ. ಅದು ಹೇಳುವ ಕೆಲವು ಮಾತುಗಳನ್ನು ನೆನಪಿಡಿ:

ವಿಕಲತೆ 40 ಪರ್ಸೆಂಟ್ ಅಥವಾ ಹೆಚ್ಚು ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಪುಕ್ಕಟೆ ಶಿಕ್ಷಣ ಸಿಗಬೇಕು. ಅದು ಹತ್ತಿರದ ಶಾಲೆಯಲ್ಲಾದರೂ ಸರಿ, ವಿಶೇಷ ಶಾಲೆಯಲ್ಲಾದರೂ ಸರಿ.

ಸರ್ಕಾರಿ ಶಾಲೆಯವರು "ಈ ಮಗು ಬೇಡ" ಎನ್ನುವಂತಿಲ್ಲ.

ನಾಲ್ಕು ಜನರ ಮುಂದೆ ಬೇಕೆಂದೇ ಅಂಗವಿಕಲರನ್ನು ಅವಮಾನ ಮಾಡಿದರೆ 6 ತಿಂಗಳಿಂದ 5 ವರ್ಷದವರೆಗೆ ಜೈಲು ಶಿಕ್ಷೆ ಇದೆ.

ಅವಮಾನ ಎಂದಾಗ ಒಂದು ಮಾತು ಹೇಳಬೇಕು. ನಮ್ಮ ಹಳ್ಳಿಗಳಲ್ಲಿ ಕುಂಟ, ಕುರುಡಿ, ಮೂಗ ಎಂದೇ ಕರೆಯುತ್ತೇವೆ. ಹೆಸರೇ ಮರೆತು ಹೋಗುತ್ತದೆ. ಬೈಯಬೇಕೆಂದು ಅಲ್ಲ, ರೂಢಿ. ಆದರೆ ಕೇಳುವ ಮಗುವಿಗೆ ರೂಢಿ ಆಗಿರುವುದಿಲ್ಲ. ಅವರ ಅಪ್ಪ ಅಮ್ಮ ತೊಟ್ಟಿಲಲ್ಲಿ ಹಾಕಿ ಇಟ್ಟ ಹೆಸರಿದೆ. ಆ ಹೆಸರಿನಿಂದ ಕರೆಯಿರಿ.

7. ನಾವು ಏನು ಮಾಡಬೇಕು?

ಮೊದಲನೆಯದು, ಬೇಗ ನೋಡಿ.

ಕೂಸು ಜೋರು ಸದ್ದಿಗೆ ಬೆಚ್ಚುತ್ತದೆಯೇ? ಅಮ್ಮನ ಮುಖ ನೋಡುತ್ತದೆಯೇ? ಐದು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಾದರೂ ಕೂಡದಿದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ, ಅವ್ವ ಅಪ್ಪ ಎನ್ನದಿದ್ದರೆ ಕಾಯಬೇಡಿ. "ಅವರಪ್ಪನಿಗೂ ತಡವಾಗಿ ಮಾತು ಬಂತು" ಎಂದು ಹಿರಿಯರು ಹೇಳುತ್ತಾರೆ. ಇರಬಹುದು. ಆದರೂ ಒಮ್ಮೆ ತೋರಿಸಿ. ಆಶಾ ಅಕ್ಕನಿಗೆ, ಅಂಗನವಾಡಿ ಟೀಚರಿಗೆ ಹೇಳಿ. ಕರ್ನೂಲಿನ ಸರ್ಕಾರಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ.

ಹುಟ್ಟುವಾಗಲೇ ಪಾದ ಒಳಕ್ಕೆ ತಿರುಗಿದ ಕೂಸುಗಳಿರುತ್ತವೆ. ಹುಟ್ಟಿದ ಕೆಲವೇ ವಾರಗಳಲ್ಲಿ ತೋರಿಸಿದರೆ ವಾರ ವಾರ ಪಟ್ಟಿ ಹಾಕಿ ಪಾದವನ್ನು ಮೆಲ್ಲಗೆ ಸರಿ ಮಾಡುತ್ತಾರೆ. ಆಮೇಲೆ ಕೆಲವು ವರ್ಷ ರಾತ್ರಿ ವಿಶೇಷ ಬೂಟು ಹಾಕಬೇಕು. ಬೂಟು ಬಿಟ್ಟರೆ ಪಾದ ಮತ್ತೆ ತಿರುಗುತ್ತದೆ. ಸರಿಯಾಗಿ ಮಾಡಿಸಿದರೆ ಮಗು ಓಡಾಡುತ್ತದೆ. ತಡ ಮಾಡಿದಷ್ಟೂ ಕಷ್ಟ ಹೆಚ್ಚು.

ಕಿವಿಯೂ ಹಾಗೆಯೇ. ಮಗು ಕೇಳಿ ಕೇಳಿ ಮಾತು ಕಲಿಯುವುದು ಮೊದಲ ಕೆಲವು ವರ್ಷಗಳಲ್ಲಿ. ಆಗಲೇ ಕಿವಿಗೆ ಯಂತ್ರ ಹಾಕಿಸಿದರೆ ಮಾತು ಬರುವ ದಾರಿ ಇದೆ.

ಎರಡನೆಯದು, ಸರ್ಟಿಫಿಕೇಟ್ ಮಾಡಿಸಿ.

ಆಂಧ್ರದಲ್ಲಿ ಇದನ್ನು ಸದರಂ ಸರ್ಟಿಫಿಕೇಟ್ ಎನ್ನುತ್ತಾರೆ. ಗ್ರಾಮ ಸಚಿವಾಲಯಕ್ಕೆ ಅಥವಾ ಮೀಸೇವಾಕ್ಕೆ ಹೋಗಿ "ಸದರಂ ಸ್ಲಾಟ್ ಬೇಕು" ಎಂದು ಕೇಳಿ. ಅವರು ದಿನ ಕೊಡುತ್ತಾರೆ. ಆ ದಿನ ಆಧಾರ್ ಕಾರ್ಡು, ಹಳೆಯ ಆಸ್ಪತ್ರೆ ಚೀಟಿ ತೆಗೆದುಕೊಂಡು ಹೋಗಬೇಕು. ಡಾಕ್ಟರು ನೋಡಿ ಎಷ್ಟು ಪರ್ಸೆಂಟ್ ಎಂದು ಬರೆಯುತ್ತಾರೆ. ತೆಲುಗು ಬೋರ್ಡಿನಲ್ಲಿ ವಿಕಲಾಂಗುಲು ಅಥವಾ ದಿವ್ಯಾಂಗುಲು ಎಂದು ಬರೆದಿರುತ್ತದೆ. ನಮ್ಮ ಕನ್ನಡದಲ್ಲಿ ಅಂಗವಿಕಲರು, ವಿಕಲಚೇತನರು ಎನ್ನುತ್ತೇವೆ. ಎರಡೂ ಒಂದೇ.

40 ಪರ್ಸೆಂಟ್ ಅಥವಾ ಹೆಚ್ಚು ಇದ್ದವರು ಪಿಂಚಣಿಗೆ ಅರ್ಜಿ ಹಾಕಬಹುದು. 2024ರ ಜುಲೈಯಿಂದ ಆಂಧ್ರ ಸರ್ಕಾರ ಈ ಪಿಂಚಣಿಯನ್ನು ತಿಂಗಳಿಗೆ 3,000 ರೂಪಾಯಿಯಿಂದ 6,000 ರೂಪಾಯಿಗೆ ಏರಿಸಿತು. ಮಗುವಿನ ಹೆಸರಲ್ಲಿ ಬಂದ ದುಡ್ಡು ಮೊದಲು ಮಗುವಿನ ಔಷಧಿಗೆ, ಓಡಾಟಕ್ಕೆ, ಓದಿಗೆ ಹೋಗಲಿ.

ಮೂರನೆಯದು, ಶಾಲೆಗೆ ಸೇರಿಸಿ.

ಅಂಗನವಾಡಿಗೆ, ಶಾಲೆಗೆ ಡಾಕ್ಟರ ತಂಡ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಈ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಆದರೆ ಅವರು ನೋಡುವುದು ಅಲ್ಲಿಗೆ ಬಂದ ಮಕ್ಕಳನ್ನು. ಬಾಗಿಲ ಹಿಂದೆ ನಿಂತ ಮಗುವನ್ನು ಯಾರು ನೋಡಬೇಕು? ಮಂಡಲ ಮಟ್ಟದಲ್ಲಿ ವಿಶೇಷ ಮಕ್ಕಳಿಗಾಗಿ ಭವಿತ ಕೇಂದ್ರಗಳಿವೆ. ಹೆಡ್‌ಮಾಸ್ಟರ ಹತ್ತಿರ ಅದರ ಬಗ್ಗೆ ಕೇಳಿ.

ನಾಲ್ಕನೆಯದು, ಗುಳೆ ಹೋಗುವಾಗ ಯೋಚಿಸಿ.

ನಮ್ಮ ಸೀಮೆಯಲ್ಲಿ ಮಳೆ ಕೈಕೊಟ್ಟರೆ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಗುಳೆ ಹೋಗುತ್ತೇವೆ. ಹೊಟ್ಟೆಪಾಡು, ಹೋಗಬೇಡಿ ಎಂದು ಹೇಳಲಾರೆ. ಆದರೆ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಆಗಲೇ. ಪಟ್ಟಿ ಬದಲಾಯಿಸುವ ದಿನ ತಪ್ಪುತ್ತದೆ. ಯಂತ್ರದ ಸೆಲ್ಲು ಮುಗಿಯುತ್ತದೆ. ಹೋಗುವ ಮೊದಲು ಮಗು ಯಾರ ಹತ್ತಿರ ಇರುತ್ತದೆ, ಆಸ್ಪತ್ರೆಗೆ ಯಾರು ಕರೆದುಕೊಂಡು ಹೋಗುತ್ತಾರೆ ಎಂದು ಮನೆಯಲ್ಲಿ ಕೂತು ತೀರ್ಮಾನ ಮಾಡಿ. ದಿನಾಂಕವನ್ನು ಗೋಡೆ ಮೇಲೆ ಬರೆಯಿರಿ. ಬರೆಯಲು ನಿಮಗೆ ಈಗ ಬರುತ್ತದೆ.

ಐದನೆಯದು, ತಾಯಿಯನ್ನು ದೂರಬೇಡಿ.

ಗ್ರಹಣದಿಂದ, ಶಾಪದಿಂದ, ಹಿಂದಿನ ಜನ್ಮದ ಪಾಪದಿಂದ ಹೀಗಾಯಿತು ಎನ್ನುತ್ತಾರೆ. ಅದು ನಿಜ ಅಲ್ಲ. ಕೆಲವಕ್ಕೆ ಕಾರಣ ಗೊತ್ತಾಗುತ್ತದೆ, ಕೆಲವಕ್ಕೆ ಗೊತ್ತಾಗುವುದಿಲ್ಲ. ಸೋದರಮಾವನಿಗೆ, ಅತ್ತೆ ಮಗನಿಗೆ ಕೊಟ್ಟು ರಕ್ತಸಂಬಂಧದಲ್ಲೇ ಮದುವೆ ಮಾಡಿದರೆ ಹುಟ್ಟುವ ಮಕ್ಕಳಿಗೆ ಕಿವುಡುತನದಂಥ ತೊಂದರೆ ಬರುವ ಸಂಭವ ಹೆಚ್ಚು. ಲಸಿಕೆ ತಪ್ಪಿಸಬೇಡಿ. ಹಿಂದೆ ಊರಿಗೆ ಇಬ್ಬರು ಮೂವರು ಪೋಲಿಯೋದಿಂದ ಕಾಲು ಕಳೆದುಕೊಂಡವರು ಇದ್ದರು. ಎರಡು ಹನಿ ಹಾಕಿಸಿ ಹಾಕಿಸಿ ಅದನ್ನು ಓಡಿಸಿದೆವು. ನಮ್ಮ ದೇಶದಲ್ಲಿ ಕಾಡು ಪೋಲಿಯೋ ವೈರಸ್ಸಿನ ಕೊನೆಯ ಪ್ರಕರಣ ಕಂಡದ್ದು 2011ರಲ್ಲಿ. ಜನ ಮನಸ್ಸು ಮಾಡಿದರೆ ಆಗುತ್ತದೆ.

8. ಆ ಹುಡುಗಿ ಏನಾದಳು?

ಮೊದಲ ಭಾಗದ ಹುಡುಗಿಯ ಬಗ್ಗೆ ನೀವು ಕೇಳುತ್ತೀರಿ ಎಂದು ಗೊತ್ತು. ಹೆಸರು ಬರೆಯುವುದಿಲ್ಲ. ಆಕೆ ನಮ್ಮ ನಡುವೆಯೇ ಇದ್ದಾಳೆ.

ಅವರಪ್ಪ ಮೊದಲು ಒಪ್ಪಲಿಲ್ಲ. "ದಿನಗೂಲಿ ಬಿಟ್ಟು ಕರ್ನೂಲಿಗೆ ಅಲೆದ್ರ ಊಟಕ್ಕ ಏನ್ ಮಾಡಾಣ?" ಎಂದ. ಕೇಳಿದ್ದು ತಪ್ಪಲ್ಲ. ಓಣಿಯ ಸ್ವಸಹಾಯ ಸಂಘದವರು ಕೂತು ಮಾತಾಡಿದರು. ಮೂರು ಸಲದ ಬಸ್ ಚಾರ್ಜು ಕೂಡಿಸಿದರು. ಪಕ್ಕದ ಮನೆಯ ಆ ಅಜ್ಜಿಯೂ ಸೆರಗಿನ ಗಂಟು ಬಿಚ್ಚಿ ಇಪ್ಪತ್ತು ರೂಪಾಯಿ ಕೊಟ್ಟಳು.

ಡಾಕ್ಟರು ಪರೀಕ್ಷೆ ಮಾಡಿದರು. ಸರ್ಟಿಫಿಕೇಟ್ ಆಯಿತು. ಕಿವಿಗೆ ಯಂತ್ರ ಬಂತು. ಆದರೆ ಇಲ್ಲಿ ನಿಜ ಹೇಳಬೇಕು. ಆಕೆಗೆ ನಮ್ಮ ಹಾಗೆ ಮಾತು ಬರಲಿಲ್ಲ. "ಎರಡು ವರ್ಷಕ್ಕೇ ಕರೆದುಕೊಂಡು ಬರಬೇಕಿತ್ತು" ಎಂದರು ಡಾಕ್ಟರು. ಅವರವ್ವ ಬಸ್ಸಿನಲ್ಲಿ ಊರು ಬರುವವರೆಗೂ ಮಾತಾಡಲಿಲ್ಲ.

ಆದರೆ ಕೈ ಸನ್ನೆಯ ಭಾಷೆ ಇದೆ. ಅಕ್ಷರ ಇದೆ. ಕಿವಿ ಕೇಳದ ಮಕ್ಕಳ ಶಾಲೆಗೆ ಅವಳನ್ನು ಸೇರಿಸಿದರು. ಮೊದಲ ರಜೆಗೆ ಊರಿಗೆ ಬಂದಾಗ ನಾನು ಹೋಗಿದ್ದೆ. ಸೀಮೆಸುಣ್ಣ ತೆಗೆದುಕೊಂಡು ಮನೆಯ ಬಾಗಿಲ ಮೇಲೆ ತನ್ನ ಹೆಸರು ಬರೆದಳು. ಅವರವ್ವನಿಗೆ ಓದಲು ಬರಲಿಲ್ಲ.

"ಏನು ಬರ್ದಾಳ ಮೇಡಂ?" ಎಂದು ನನ್ನನ್ನು ಕೇಳಿದಳು.

ಅದೇ ವಾರ ಆ ಅಕ್ಕ ನಮ್ಮ ಕೇಂದ್ರಕ್ಕೆ ಬಂದು ಸೇರಿದಳು. ಮೊದಲು ಕಲಿತದ್ದು ಮಗಳ ಹೆಸರು. ತನ್ನ ಹೆಸರು ಆಮೇಲೆ ಕಲಿತಳು. ಈಗ ಯಾರಾದರೂ ಎಷ್ಟು ಮಕ್ಕಳು ಎಂದರೆ "ಮೂವರು" ಎನ್ನುತ್ತಾಳೆ.

ನಿಮ್ಮ ಓಣಿಯಲ್ಲಿ ಎಣಿಕೆಗೆ ಬಾರದ ಮಗು ಇದೆಯೇ? ಈ ಪುಟ ಮಡಚಿ ಇಡುವ ಮೊದಲು ಒಮ್ಮೆ ಯೋಚಿಸಿ. ಇದ್ದರೆ ನಾಳೆ ಆ ಮನೆಗೆ ಹೋಗಿ ಇದನ್ನು ಓದಿ ಹೇಳಿ.

ಪದಗಳ ಅರ್ಥ

ಸರ್ವೆ: ಮನೆ ಮನೆಗೆ ಹೋಗಿ ವಿವರ ಬರೆದುಕೊಳ್ಳುವುದು
ತಿರುಳು: ಮುಖ್ಯ ಮಾತು
ದಂಪತಿ: ಗಂಡ ಹೆಂಡತಿ
ಕೃತಕ: ಮನುಷ್ಯ ಮಾಡಿದ
ಕ್ಯಾಲಿಪರ್: ಬಲ ಇಲ್ಲದ ಕಾಲಿಗೆ ಕಟ್ಟುವ ಕಬ್ಬಿಣದ ಆಸರೆ
ತುಲಾಭಾರ: ಒಬ್ಬರ ತೂಕದಷ್ಟು ನಾಣ್ಯ ಅಥವಾ ಧಾನ್ಯ ಕೊಡುವುದು
ಹಕ್ಕು: ನಮಗೆ ಸಿಗಲೇಬೇಕಾದದ್ದು
ತಪಾಸಣೆ: ಪರೀಕ್ಷೆ ಮಾಡಿ ನೋಡುವುದು
ಗುಳೆ: ಕೂಲಿಗಾಗಿ ಊರು ಬಿಟ್ಟು ಹೋಗುವುದು

ಬಿಟ್ಟ ಸ್ಥಳ ತುಂಬಿರಿ

1. ವಿನ್ಸೆಂಟ್ ಫೆರರ್ ಅನಂತಪುರಕ್ಕೆ ಬಂದ ವರ್ಷ ________.
2. ವೀರೇಶ್ವರ ಪುಣ್ಯಾಶ್ರಮ ಇರುವ ಊರು ________.
3. ಬ್ರೈಲ್ ಲಿಪಿಯಲ್ಲಿ ಒಟ್ಟು ________ ಚುಕ್ಕೆಗಳಿವೆ.
4. 2016ರ ಕಾನೂನಿನಲ್ಲಿ ________ ಬಗೆಯ ವಿಕಲತೆ ಇವೆ.

ಉತ್ತರ ಬರೆಯಿರಿ

1. ಅಕ್ಕ ಮೊದಲು "ಇಬ್ಬರು ಮಕ್ಕಳು" ಎಂದು ಏಕೆ ಹೇಳಿದಳು?
2. ಆಫೀಸಿಗೆ ಒಬ್ಬರೇ ಹೋಗುವುದಕ್ಕೂ ಸಂಘದ ಜೊತೆ ಹೋಗುವುದಕ್ಕೂ ಏನು ವ್ಯತ್ಯಾಸ?
3. ಪಾದ ತಿರುಗಿದ ಕೂಸನ್ನು ಯಾವಾಗ ಡಾಕ್ಟರಿಗೆ ತೋರಿಸಬೇಕು? ಬೂಟು ಏಕೆ ಬಿಡಬಾರದು?

ಮಾಡಿ ನೋಡಿ

ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದ ತೆಗೆದುಕೊಳ್ಳಿ. ಕೆಳಗೆ ಮಡಚಿದ ಬಟ್ಟೆ ಇಡಿ. ಮೊಳೆಯಿಂದ ಕಾಗದದ ಹಿಂಬದಿಗೆ ಮೆಲ್ಲಗೆ ಒತ್ತಿ ಕ ಅಕ್ಷರದ ಎರಡು ಚುಕ್ಕೆ ಮಾಡಿ. ನೆನಪಿಡಿ, ಹಿಂದಿನಿಂದ ಬಲಗಡೆ ಒತ್ತಿದ ಚುಕ್ಕೆ ಮುಂದೆ ಎಡಗಡೆ ಕಾಣುತ್ತದೆ. ಈಗ ಕಣ್ಣು ಮುಚ್ಚಿ ಬೆರಳಾಡಿಸಿ.

ಈ ಅರ್ಜಿ ನೋಡಿ ಬರೆಯಿರಿ

ಹೆಡ್‌ಮಾಸ್ಟರ್ ಅವರಿಗೆ,
ನಮಸ್ಕಾರಗಳು. ನನ್ನ ಹೆಸರು ________. ಊರು ________. ನನ್ನ ಮಗುವಿನ ಹೆಸರು ________. ವಯಸ್ಸು ____ ವರ್ಷ. ಮಗುವಿಗೆ ________ ತೊಂದರೆ ಇದೆ. ಮಗುವನ್ನು ಶಾಲೆಗೆ ಸೇರಿಸಿಕೊಂಡು, ಭವಿತ ಕೇಂದ್ರದ ವಿವರ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.
ದಿನಾಂಕ ________
ಸಹಿ ________

ಸಹಿ ನಿಮ್ಮದೇ ಕೈಯಿಂದ ಇರಲಿ.